ನನ್ನ ಪಾಲಿನ ಮುಂಗಾಲು

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ತಮ್ಮನ ಮೇಲೆ ಬಂದ ಸಿಟ್ಟಂತೂ ಅವನು ಮಣ್ಣಾಗಿ ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಆದ್ದರಿಂದ ಈ ನಾಯಿಯ ಸಂಗತಿಯನ್ನು ನಾನು ನ್ಯಾಯವಾಗಿ ಹೇಳುತ್ತೇನೆಂದು ಓದುವವರು ನಂಬಬೇಕಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಡುನಡುವೆ ಬೈಗುಳ ಬರುತ್ತದೆ, ಅಷ್ಟೇ.

ಅಮ್ಮಿನಬಾವಿಯಲ್ಲಿ ನಮ್ಮದು ಹತ್ತಿ, ಜೋಳ ಬೆಳೆಯುವ ಮನೆತನ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅಪ್ಪ ತೀರಿಕೊಂಡ. ಅಣ್ಣತಮ್ಮಂದಿರ ಜಗಳ ಯಾವುದರಿಂದ ಶುರುವಾಯಿತೆಂದು ಯಾರಾದರೂ ಕೇಳಿದರೆ ಹೊಲದಿಂದ ಎನ್ನುತ್ತಿದ್ದೆ. ಅದು ಸುಳ್ಳು. ಅಪ್ಪ ಸತ್ತ ಮೂರನೆಯ ದಿನ ತಮ್ಮ ಅಪ್ಪನ ಕೆರ ಮೆಟ್ಟಿಕೊಂಡು ಹೊಲಕ್ಕೆ ಹೋದ. ಹಿರಿಯ ಮಗ ನಾನು. ಆ ಕೆರ ನನ್ನ ಕಾಲಿಗೆ ಹಿಡಿಯುತ್ತಿರಲಿಲ್ಲ, ಅದು ಬೇರೆ ಮಾತು. ಅವನು ಕೇಳಬೇಕಿತ್ತು, ಕೇಳಲಿಲ್ಲ. ಅಂದಿನಿಂದ ನಾವು ಎಣ್ಣೆ ಸೀಗೆಕಾಯಿ.

ಎರಡು ತಿಂಗಳಲ್ಲಿ ಪಾಲು ಆಯಿತು. ಹೊಲ, ಎತ್ತು, ಚಕ್ಕಡಿ, ಜೋಳ ತುಂಬುವ ಹಗೇವು, ಕೊನೆಗೆ ಉಪ್ಪಿನಕಾಯಿಯ ಭರಣಿ ಕೂಡ ಹಂಚಿಹೋಯಿತು. ಅಂಗಳದ ನಡುವೆ ಗೇಣೆತ್ತರದ ಕಲ್ಲಿನ ಸಾಲು ಹಾಕಿದೆವು. ಅತ್ತ ಅವನ ಬಾಗಿಲು, ಇತ್ತ ನನ್ನದು. ಉಳಿದದ್ದು ಅಪ್ಪನ ಬೇಟೆ ನಾಯಿ ಒಂದೇ. ಮುಧೋಳದ ಕಡೆಯ ತಳಿ, ಹೆಣ್ಣು, ಜೋಳದ ರೊಟ್ಟಿಯ ಬಣ್ಣ, ಸಣ್ಣ ನಡು, ಉದ್ದ ಮೂತಿ. ಸುತ್ತಲಿನ ಹಳ್ಳಿಗಳಲ್ಲಿ ಮೊಲ ಓಡಿಸುವ ನಾಯಿಗಳೊಳಗೆ ಅದಕ್ಕೆ ಹೆಸರಿತ್ತು. ಅದು ನನಗೆ ಬೇಕಾಗಿತ್ತು, ಪೂರ್ತಿಯಾಗಿ ಬೇಕಾಗಿತ್ತು. ಅವನಿಗೂ ಬೇಕಾಗಿತ್ತು ಎನ್ನುವುದು ನನ್ನ ಆಸೆಯನ್ನು ಇನ್ನಷ್ಟು ಹೆಚ್ಚು ಮಾಡಿತು.

ಊರ ಗೌಡರ ಪಡಸಾಲೆಯಲ್ಲಿ ಮೂರು ದಿನ ಕುಳಿತೆವು. ಮೂರನೆಯ ದಿನ ಗೌಡರಿಗೆ ಬೇಸರ ಬಂತು.

"ಒಂದು ನಾಯಿ ಸಲುವಾಗಿ ನನ್ನ ಜೀವಾ ತಿನ್ನಾಕತ್ತೀರಿ," ಎಂದರು. "ಹಂಗಾದ್ರ ಹಿಂಗ ಮಾಡ್ರಿ. ಮುಂದಿನ ಅರ್ಧ ಅಣ್ಣಂದು, ಹಿಂದಿನ ಅರ್ಧ ತಮ್ಮಂದು. ಇನ್ನ ಏಳ್ರಿ, ನಾ ಉಣಬೇಕು."

ಕೂತವರೆಲ್ಲ ನಕ್ಕರು. ಎಮ್ಮೆಯನ್ನು ಹಿಂದೆ ಮುಂದೆ ಪಾಲು ಮಾಡಿಕೊಂಡ ಮೂರ್ಖರ ಕತೆ ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು. ಗೌಡರು ನಮ್ಮನ್ನು ನಾಚಿಸಲು ಆ ಮಾತು ಆಡಿದ್ದರು. ಆದರೆ ಸಿಟ್ಟು ತಲೆಗೇರಿದವನಿಗೆ ಚಾಷ್ಟಿ ಯಾವುದು, ನ್ಯಾಯ ಯಾವುದು ತಿಳಿಯುವುದಿಲ್ಲ. ತಮ್ಮ ಬೇಡ ಎನ್ನುತ್ತಾನೆ ಎಂದು ನಾನು "ಆತ್ರಿ ಗೌಡ್ರ" ಎಂದೆ. ನಾನು ಒಪ್ಪಿದೆನೆಂಬ ಒಂದೇ ಕಾರಣಕ್ಕೆ ಅವನು "ನಂಗೂ ಆತ್ರಿ" ಎಂದ. ಗೌಡರ ನಗು ನಿಂತಿತು.

"ಏ, ನಾ ಚಾಷ್ಟಿ ಮಾಡಿದ್ನೆಪಾ."

"ನ್ಯಾಯ ಅಂದ್ರ ನ್ಯಾಯರಿ," ಎಂದ ತಮ್ಮ. "ಹೋಳಿ ಆದ ಮ್ಯಾಲೆ ಮೊಲದ ಬ್ಯಾಟಿ ಇರತೈತಲ್ರಿ. ಅವತ್ತು ನಾಯಿ ಓಡಲಿ. ಯಾರ ಭಾಗ ಸೋಲತೈತಿ, ಅವ ತನ್ನ ಪಾಲು ಬಿಟ್ಟುಕೊಡಬೇಕು. ನೀವ ಸಾಕ್ಷಿ."

ಅವನು ಹೀಗೇಕೆ ಹೇಳಿದನೆಂದು ನನಗೆ ತಕ್ಷಣ ಗೊತ್ತಾಯಿತು. ಹಿಂದಿನ ವರ್ಷ ಬೇಟೆಯಲ್ಲಿ ಆ ನಾಯಿ ಎರೆಹೊಲದ ಬಿರುಕಿನಲ್ಲಿ ಬಲ ಮುಂಗಾಲು ಸಿಕ್ಕಿಸಿಕೊಂಡಿತ್ತು. ಮಣಿಕಟ್ಟು ಬಾತು ಒಂದು ತಿಂಗಳು ಕುಂಟಿತ್ತು. ಬೇಸಿಗೆಯಲ್ಲಿ ನಮ್ಮ ಕಪ್ಪು ಮಣ್ಣು ಮೊಳದುದ್ದ ಬಾಯಿ ಬಿಡುತ್ತದೆ, ಓಡುವ ನಾಯಿಯ ಮುಂಗಾಲಿಗೆ ಅದೇ ಮೃತ್ಯು. ಅಂದರೆ ಕೆಟ್ಟ ಪಾಲು ನನಗೆ ಬಂದಿತ್ತು. ಪಡಸಾಲೆ ಇಳಿಯುವಾಗ ಅವನು ಅಪ್ಪನ ಕೆರ ಮೆಟ್ಟಿ, ನನ್ನ ಮುಖ ನೋಡಿ ಮೀಸೆಯೊಳಗೆ ನಕ್ಕ. ಅವನ ನಗುವಿಗೆ ಬೆಂಕಿ ಬೀಳಲಿ ಎಂದುಕೊಂಡೆ.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬಾಯಿ ನಿಮ್ಮ ಪಾಲಿಗೆ ಬಂತು ಅಂದ್ರ ಅದಕ್ಕ ರೊಟ್ಟಿ ಬಡಿಯೂದು ನನ್ನ ಪಾಲಿಗೆ ಬಂತು," ಎಂದಳು. "ಆ ಕಡಿ ಆಗಿದ್ರ ಬರೇ ಸೆಗಣಿ ಬಳಿಯೂದಿತ್ತು."

ಅದೂ ಆಯಿತು. ನಾಯಿ ನನ್ನ ಅಂಗಳದಲ್ಲಿ ಹೊಲಸು ಮಾಡಿದರೆ ನಾನು ಕಲ್ಲಿನ ಸಾಲಿನ ಹತ್ತಿರ ನಿಂತು ಕೆಮ್ಮುತ್ತಿದ್ದೆ. ತಮ್ಮ ಸಲಿಕೆ ತೆಗೆದುಕೊಂಡು ಬಂದು ಬಳಿದುಕೊಂಡು ಹೋಗಬೇಕು. ನಾನು ಬೆರಳು ಮಾಡಿ ತೋರಿಸುತ್ತಿದ್ದೆ, ಇಲ್ಲೊಂದು, ಅಲ್ಲೊಂದು. ಸಣ್ಣತನವೇ. ಆದರೆ ಆ ವರ್ಷ ನನಗೆ ಸಿಕ್ಕ ಸಂತೋಷ ಅದೊಂದೇ.

ಸುಗ್ಗಿಗೆ ಮುಂಚೆ ಕುರಿ ಕೊಡಲು ಹುಬ್ಬಳ್ಳಿಗೆ ಹೋಗಿದ್ದೆ. ಕಮರಿಪೇಟೆಯ ಒಬ್ಬರು ವಯಸ್ಸಾದ ಕಟುಕರು ನಮ್ಮ ಮನೆಯ ಕುರಿಗಳನ್ನು ಅಪ್ಪನ ಕಾಲದಿಂದ ಕೊಳ್ಳುತ್ತಿದ್ದರು. ಎಲುಬಿನ ವಿಷಯ ಅವರಿಗಿಂತ ಹೆಚ್ಚು ತಿಳಿದವರು ನನಗೆ ಗೊತ್ತಿರಲಿಲ್ಲ. ಸಂಕೋಚದಿಂದಲೇ ಕೇಳಿದೆ.

"ಕಾಕಾ, ನಾಯಿ ಮುಂಗಾಲು ಗಟ್ಟಿ ಮಾಡಬೇಕಂದ್ರ ಏನ ಮಾಡಬೇಕ್ರಿ?"

ಅವರು ತೂಗುಹಾಕಿದ್ದ ಕುರಿಯ ಹತ್ತಿರ ಕರೆದರು. ಹಿಂಗಾಲನ್ನು ಹಿಡಿದು ಅಲ್ಲಾಡಿಸಿದರು.

"ನೋಡಪಾ, ಇದಕ್ಕ ಕೀಲು ಐತಿ. ಎಲುಬಿನಾಗ ಎಲುಬು ಕುಂತೈತಿ." ಆಮೇಲೆ ಹೆಗಲಿನ ಕೆಳಗೆ ಚೂರಿ ಹಾಕಿ ಒಂದೇ ಎಳೆತಕ್ಕೆ ಮುಂಗಾಲನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. "ಎಲ್ಲಿ ಮುರೀತು ಹೇಳು?"

ಎಲ್ಲೂ ಮುರಿದಿರಲಿಲ್ಲ. ಹೆಗಲ ಚಪ್ಪಟೆ ಎಲುಬು ಬೆನ್ನಿಗಾಗಲಿ ಪಕ್ಕೆಗಾಗಲಿ ಸೇರಿಯೇ ಇರಲಿಲ್ಲ. ಬರೀ ಮಾಂಸ ಅದನ್ನು ಹಿಡಿದುಕೊಂಡಿತ್ತು.

"ನಾಲ್ಕು ಕಾಲಿನ ಪ್ರಾಣಿಗೆ ಎದಿಗೂಡು ಮುಂಗಾಲಿನ ನಡುವ ಜೋಕಾಲಿ ಹಂಗ ತೂಗತೈತಿ," ಎಂದರು ಕಾಕಾ. "ನೂಕೂದು ಹಿಂದಿನ ಕಾಲು. ಬಿದ್ದ ಭಾರ ತಡಕೊಳ್ಳೂದು, ತಿರುವೂದು, ಮುಂದಿಂದು. ಬರೇ ಗಟ್ಟಿ ಮಾಡಿದ್ರ ಕಟಗಿ ಆಗತೈತಿ. ಬಗ್ಗಬೇಕು, ಚಾಚಬೇಕು, ಮ್ಯಾಲೆ ಗಟ್ಟಿ ಇರಬೇಕು. ನಿಧಾನ ಮಾಡು."

ಊರಿಗೆ ಮರಳುವ ಚಕ್ಕಡಿಯಲ್ಲಿ ಕುಳಿತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅಷ್ಟು ಉತ್ಸಾಹ ಮದುವೆಯಲ್ಲೂ ಬಂದಿರಲಿಲ್ಲ.

ಮಾರನೆಯ ದಿನದಿಂದ ಶುರು ಮಾಡಿದೆ. ಬೆಳಗಿನ ಹೊತ್ತು ನನ್ನದು, ಸಂಜೆ ಅವನದು ಎಂದು ಗೌಡರೇ ಹೇಳಿ ಕೈ ತೊಳೆದುಕೊಂಡಿದ್ದರು. ಮೊದಲು ಊಟದ ರೀತಿ ಬದಲಿಸಿದೆ. ಕಟ್ಟೆಯ ಮೇಲೆ ಹಿಂಗಾಲು, ನೆಲದ ಮೇಲೆ ಮುಂಗಾಲು, ಹಾಗೆ ನಿಲ್ಲಿಸಿ ಅಂಬಲಿಯ ಬಟ್ಟಲು ಕೆಳಗಿಡುತ್ತಿದ್ದೆ. ಮೈಭಾರವೆಲ್ಲ ಹೆಗಲಿಗೆ ಇಳಿಯುತ್ತಿತ್ತು. ಮೊದಲ ವಾರ ಕಾಲು ನಡುಗಿದವು, ಎರಡನೆಯ ವಾರ ನಿಂತವು. ಹಿತ್ತಿಲಲ್ಲಿ ಮಣ್ಣು ಸಡಿಲಿಸಿ ಎಲುಬಿನ ತುಂಡು ಹೂಳುತ್ತಿದ್ದೆ, ನಾಯಿ ಎರಡೂ ಕೈಯಿಂದ ಕೆದರಿ ತೆಗೆಯುತ್ತಿತ್ತು. ದಿನ ಕಳೆದ ಹಾಗೆ ಗುಂಡಿ ಆಳ ಮಾಡಿದೆ. ಕೈ ಎಂದು ಬರೆದುಬಿಟ್ಟೆ. ನನಗೆ ಆಗಲೇ ಅವು ಕೈಯ ಹಾಗೆ ಕಾಣತೊಡಗಿದ್ದವು. ನೆಲದ ಮೇಲೆ ಗೇಣಿಗೊಂದರಂತೆ ಜೋಳದ ದಂಟು ಅಡ್ಡ ಹಾಕಿ, ಅವುಗಳ ಮೇಲೆ ಒಂದೊಂದೇ ಹೆಜ್ಜೆ ಎತ್ತಿಸಿ ನಡೆಸುತ್ತಿದ್ದೆ. ದಂಟು ಮುಟ್ಟಿದರೆ ಮತ್ತೆ ಮೊದಲಿನಿಂದ. ಆಗ ನನಗೆ ತಾಳ್ಮೆ ಇತ್ತು, ಪ್ರೀತಿ ಇತ್ತೆಂದು ಹೇಳಲಾರೆ. ಬಲ ಮುಂಗಾಲನ್ನು ದಿನಾ ಹಿಡಿದು ನೋಡುತ್ತಿದ್ದೆ, ನಾಯಿಯ ಮುಖವನ್ನು ನೋಡಿದ ನೆನಪಿಲ್ಲ.

ಚಾಚುವ ಕೆಲಸ ನನ್ನ ಹೆಂಡತಿಗೆ ಬಂತು. ನಾನು ಕಾಲು ಹಿಡಿದು ಎಳೆದರೆ ನಾಯಿ ಹಲ್ಲು ತೋರಿಸುತ್ತಿತ್ತು. ಅವಳು ಒಂದು ದಿನ ನೋಡಿ, "ಸರೀರಿ, ಎತ್ತಿನ ಹಗ್ಗಾ ಎಳದಂಗ ಎಳಿಯಾಕತ್ತೀರಿ," ಎಂದು ನನ್ನನ್ನು ಬದಿಗೆ ತಳ್ಳಿದಳು. ಔಡಲೆಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಕುಳಿತು, ಕೂಸಿಗೆ ಎಣ್ಣೆ ನೀರು ಹಾಕುವಾಗ ಹೇಗೋ ಹಾಗೆ ನಾಯಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದಳು. ಹೆಗಲಿನಿಂದ ಮಣಿಕಟ್ಟಿನವರೆಗೆ ನೀವಿದಳು. ಎರಡೂ ಮುಂಗಾಲನ್ನು ಎದೆಯ ಮೇಲೆ ಅಡ್ಡ ತಂದಳು, ಮತ್ತೆ ಅಗಲ ಮಾಡಿದಳು, ಕಿವಿಯವರೆಗೆ ಮೇಲೆತ್ತಿದಳು. ನಾಯಿ ಕಣ್ಣು ಮುಚ್ಚಿತು. ಒಂದು ದಿನ ಅವಳ ಕೈ ಪಕ್ಕೆ ದಾಟಿ ನಡುವಿನ ಕಡೆಗೆ ಹೋಯಿತು. ನಾನು ಕೈ ಹಿಡಿದು ನಿಲ್ಲಿಸಿದೆ.

"ಅಲ್ಲಿಂದ ಆಚಿ ನಮ್ಮದಲ್ಲ."

"ಎಣ್ಣಿ ಉಳದೈತ್ರಿ."

"ದೀಪಕ್ಕ ಹಾಕು."

ಇನ್ನು ಕೆರೆ ಏರಿಯ ಮಾತು. ಏರಿ ಹತ್ತಿದರೆ ಹಿಂಗಾಲಿಗೆ ಬಲ, ಇಳಿದರೆ ಮುಂಗಾಲಿಗೆ. ಇದು ನನಗೂ ತಿಳಿಯಿತು, ಅವನಿಗೂ ತಿಳಿಯಿತು. ಸಂಜೆ ಅವನು ನಾಯಿಯ ಸೊಂಟಕ್ಕೆ ಒಂದು ಕಟ್ಟಿಗೆಯ ತುಂಡು ಕಟ್ಟಿ ಏರಿ ಹತ್ತಿಸುತ್ತಿದ್ದ. ಹತ್ತಿದ ಮೇಲೆ ಇಳಿಯಬೇಕಲ್ಲ? ಇಳಿಸಿದರೆ ನನ್ನ ಪಾಲಿಗೆ ಲಾಭ. ಅದಕ್ಕೆ ಅವನು ಬೆಳೆದ ನಾಯಿಯನ್ನು ಹೆಗಲ ಮೇಲೆ ಕುರಿಯಂತೆ ಹೊತ್ತುಕೊಂಡು ಕೆಳಗೆ ಬರುತ್ತಿದ್ದ. ಅದನ್ನು ಕಂಡು ನನ್ನ ಹೊಟ್ಟೆ ಉರಿಯಿತು, ಯಾಕೆಂದರೆ ಅಲ್ಲಿಯವರೆಗೆ ನಾನು ಬೆಳಿಗ್ಗೆ ಅವಳನ್ನು ನಡೆಸಿಕೊಂಡೇ ಮೇಲೆ ಹೋಗುತ್ತಿದ್ದೆ, ಅವನ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಿದ್ದೆ. ಮಾರನೆಯ ದಿನದಿಂದ ನಾನೂ ಹೊತ್ತುಕೊಂಡು ಹತ್ತಿದೆ, ನಡೆಸಿಕೊಂಡು ಇಳಿದೆ. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನಗುತ್ತಿದ್ದರು. ನಗಲಿ. ಅವರ ಮನೆಯ ಗಂಡಸರು ಯಾವ ದೊಡ್ಡ ಕೆಲಸ ಮಾಡುತ್ತಿದ್ದರು?

ಒಂದೇ ವ್ಯತ್ಯಾಸವಿತ್ತು. ನಾನು ಹೊರುವಾಗ ಬೈಯುತ್ತಿದ್ದೆ, ತಮ್ಮನನ್ನು ಬೈಯುತ್ತಿದ್ದೆ, ಕೇಳುವವಳು ನಾಯಿ. ತಮ್ಮ ಹೊತ್ತು ಇಳಿಯುವಾಗ ಏನೇನೋ ಮಾತಾಡುತ್ತಿದ್ದ. ಒಂದು ಸಂಜೆ ಏರಿಯ ಕೆಳಗೆ ಬನ್ನಿ ಗಿಡದ ಮರೆಯಲ್ಲಿ ನಿಂತು ಕೇಳಿದೆ. ಗುಟ್ಟಿನ ಕಸರತ್ತು ಏನಾದರೂ ಹೇಳುತ್ತಾನೇನೋ ಎಂಬ ಆಸೆ ನನಗೆ. ಅವನು ಹೇಳುತ್ತಿದ್ದದ್ದು ಇಷ್ಟೇ: "ಆತವ್ವಾ, ಇನ್ನೊಂದೀಟ, ಮನಿ ಬಂತು." ಮದುವೆಯಾಗಿ ಐದು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ನಾಯಿಯನ್ನು ಅವ್ವ ಎನ್ನುವ ಮುಠ್ಠಾಳ ಎಂದು ಹೆಂಡತಿಯ ಮುಂದೆ ಅಣಕಿಸಿದೆ. ಅವಳು ನಗಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಅಂಥ ಎದೆ, ಅಂಥ ಹೆಗಲು ಆ ಸೀಮೆಯ ಯಾವ ನಾಯಿಗೂ ಇರಲಿಲ್ಲ. ಮಣಿಕಟ್ಟು ಬಳ್ಳಿಯ ಹಾಗೆ ಬಾಗುತ್ತಿತ್ತು, ಬಿಟ್ಟರೆ ನೆಟ್ಟಗಾಗುತ್ತಿತ್ತು. ತಮ್ಮ ಹೊಲಕ್ಕೆ ಹೋದಾಗ ಕಳ್ಳನಂತೆ ಹಿಂದಿನ ತೊಡೆ ಮುಟ್ಟಿ ನೋಡಿದೆ. ಕಲ್ಲಾಗಿತ್ತು. ಅಂದಿನಿಂದ ಗುಂಡಿಯನ್ನು ಇನ್ನೂ ಗೇಣು ಆಳ ಮಾಡಿದೆ. ಕಾಕಾ ನಿಧಾನ ಎಂದದ್ದು ನೆನಪಿತ್ತು. ಆದರೆ ನಿಧಾನ ಮಾಡಿ ಅವನಿಗೆ ಸೋಲಲೇ?

ಹೋಳಿ ಮುಗಿದ ಐದನೆಯ ದಿನ ಬೇಟೆ. ಹಿಂಗಾರಿ ಜೋಳ ಕಿತ್ತು ಹೊಲಗಳೆಲ್ಲ ಬಯಲಾಗಿದ್ದವು, ನೆಲ ಬಾಯಿ ಬಿಟ್ಟಿತ್ತು. ನಾಲ್ಕು ಹಳ್ಳಿಯ ಗಂಡಸರು ಬಡಿಗೆ ಹಿಡಿದು ಸಾಲಾಗಿ ನಿಂತರು. ಹತ್ತೆಂಟು ನಾಯಿಗಳು ಬಂದಿದ್ದವು. ನಮ್ಮದನ್ನು ನಾನು ಕೊರಳಲ್ಲಿ ಹಿಡಿದಿದ್ದೆ, ಅವನು ಸೊಂಟದಲ್ಲಿ ಹಿಡಿದಿದ್ದ. ಗೌಡರು ನಮ್ಮನ್ನು ನೋಡಿ ಮುಖ ತಿರುಗಿಸಿದರು.

ಹತ್ತಿಯ ಕಟ್ಟಿಗೆಯ ರಾಶಿಯಿಂದ ಮೊಲ ಎದ್ದಿತು. ಇಬ್ಬರೂ ಒಟ್ಟಿಗೇ ಬಿಟ್ಟೆವು. ಇಡೀ ವರ್ಷದಲ್ಲಿ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ಅಂಥ ಓಟವನ್ನು ನಾನು ಮತ್ತೆ ನೋಡಲಿಲ್ಲ. ಎರಡು ಹೊಲ ದಾಟುವುದರಲ್ಲಿ ಉಳಿದ ನಾಯಿಗಳು ಹಿಂದೆ ಬಿದ್ದವು. ಮೊಲ ಎಡಕ್ಕೆ ತಿರುಗಿತು, ಅವಳು ಮುಂಗಾಲು ಊರಿ ತಿರುಗಿದಳು. ಬಲಕ್ಕೆ ತಿರುಗಿತು, ಅಲ್ಲೂ ತಿರುಗಿದಳು. ಒಂದು ಕಡೆ ಬಿರುಕಿನ ಅಂಚಿಗೆ ಬಲಗಾಲು ಬಿದ್ದದ್ದನ್ನು ಕಣ್ಣಾರೆ ಕಂಡೆ. ಮಣಿಕಟ್ಟು ಬಾಗಿತು, ತಡೆಯಿತು, ಎದ್ದಿತು. ಹಿಂದಿನ ವರ್ಷವಾಗಿದ್ದರೆ ಆ ಕಾಲು ಅಲ್ಲೇ ಹೋಗಿಬಿಡುತ್ತಿತ್ತು. ತಮ್ಮ ನೋಡಿದನೇ ಎಂದು ತಿರುಗಿದೆ. ಅವನು ಹಿಂಗಾಲುಗಳನ್ನು ನೋಡುತ್ತಿದ್ದ.

ಮುಂದೆ ಹೊಲದ ಒಡ್ಡು ಬಂತು. ಮೊಲ ಅದರ ಮೇಲಿಂದ ಹಾರಿ ಗಾಳಿಯಲ್ಲೇ ಹೊರಳಿತು. ಅವಳೂ ಹಾರಿದಳು. ಹಿಂದಿನಿಂದ ನೂಕಿದ ಬಲ ಒಂದು ಕಡೆ, ಮುಂದೆ ತಿರುಗಿದ ಹೆಗಲು ಇನ್ನೊಂದು ಕಡೆ. ಮೈ ನಡುವಿನಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿತು. ಇಳಿದಾಗ ಮೊಲ ಬಾಯಲ್ಲಿತ್ತು. ಮುಂಗಾಲಿನ ಮೇಲೆ ನೆಟ್ಟಗೆ ನಿಂತಳು. ಹಿಂಭಾಗ ಏಳಲಿಲ್ಲ. ಅವಳು ಕತ್ತು ತಿರುಗಿಸಿ ತನ್ನ ಹಿಂಗಾಲುಗಳನ್ನು ನೋಡಿದಳು.

ನಾವಿಬ್ಬರೂ ಓಡಿದೆವು. ನಾನು ಮುಂಗಾಲು ಮುಟ್ಟಿ ನೋಡಿದೆ, ಎಲ್ಲ ಸರಿ ಇತ್ತು. ಅವನು ಹಿಂಗಾಲು ಒತ್ತಿ ನೋಡಿದ, ಎಲುಬು ಎಲ್ಲೂ ಮುರಿದಿರಲಿಲ್ಲ. ಗೌಡರು ಏದುಸಿರು ಬಿಡುತ್ತ ಬಂದು ಕುಕ್ಕರಗಾಲಲ್ಲಿ ಕುಳಿತು, ಪಕ್ಕೆ ಮುಗಿದು ಸೊಂಟ ಶುರುವಾಗುವ ಮೊದಲಿನ ಸಣ್ಣ ನಡುವಿನ ಮೇಲೆ ಬೆರಳಿಟ್ಟರು. ಅವಳು ಕುಂಯ್ ಎಂದಳು.

"ಇಲ್ಲಿ ಹೋಗೈತಿ," ಎಂದರು ಗೌಡರು. "ಇದನ್ನ ನಾ ಯಾರಿಗೂ ಕೊಟ್ಟಿರಲಿಲ್ಲ."

ನಾನು ಆಗ ಸುಮ್ಮನಿದ್ದಿದ್ದರೆ ಇವತ್ತು ನನಗೆ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಬಾಯಿ ಬಿಟ್ಟೆ.

"ಮುಂಗಾಲು ನಿಂತಾವರಿ ಗೌಡ್ರ. ಹಿಂಗಾಲು ಏಳವಲ್ಲವು. ಸೋತಿದ್ದು ಹಿಂದಿನ ಭಾಗ. ಮಾತು ಅಂದ್ರ ಮಾತು."

ಗೌಡರು ನನ್ನನ್ನು ಕಸ ನೋಡಿದ ಹಾಗೆ ನೋಡಿದರು. ತಮ್ಮ ನೋಡಲೇ ಇಲ್ಲ. ಅವಳ ತಲೆಯ ಮೇಲೆ ಕೈ ಇಟ್ಟ, ತೆಗೆದ.

"ಖರೇ ಐತಿ," ಎಂದ. "ನಾ ಸೋತೆ. ಅಣ್ಣ ಒಯ್ಯಲಿ." ತನ್ನ ಕಂಬಳಿಯನ್ನು ಅವಳ ಪಕ್ಕ ಹಾಸಿ, ಹೊಲ ದಾಟಿ ನಡೆದುಬಿಟ್ಟ.

ಹೀಗೆ ನಾಯಿ ಪೂರ್ತಿ ನನ್ನದಾಯಿತು. ಅದೇ ಕಂಬಳಿಯಲ್ಲಿ ನಾಲ್ವರು ಹಿಡಿದು ಮನೆಗೆ ತಂದೆವು. ನನ್ನ ಕಟ್ಟೆಯ ಕೆಳಗೆ ಹುಲ್ಲು ಹಾಸಿ ಮಲಗಿಸಿದೆ. ಹೆಂಡತಿ ಆ ದಿನ ಕೇಳದೆಯೇ ಎಣ್ಣೆ ಬೆಚ್ಚಗೆ ಮಾಡಿ ನಡುವಿಗೆ ಹಚ್ಚಿದಳು. ನಾನು ತಡೆಯಲಿಲ್ಲ. ಹೊಲಸನ್ನು ಈಗ ನಾನೇ ಬಳಿಯಬೇಕಾಗಿತ್ತು, ಬಳಿದೆ. ಹಾಲು ಅನ್ನ ಕಲಸಿ ಬಾಯಿಗೆ ಹಿಡಿದೆ. ಅವಳು ತಿಂದಳು, ಕಲ್ಲಿನ ಸಾಲಿನ ಕಡೆ ನೋಡುತ್ತ ತಿಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಹೊಲದಿಂದ ಬಂದರೆ ಹುಲ್ಲಿನ ಮೇಲೆ ಅವಳಿರಲಿಲ್ಲ. ಅಂಗಳದ ಧೂಳಿನಲ್ಲಿ ಎರಡು ಕಾಲಿನ ಗುರುತು, ಅವುಗಳ ಹಿಂದೆ ಮೈ ಎಳೆದ ಪಟ್ಟೆ. ಮುಂಗಾಲುಗಳನ್ನು ಮುಂದೆ ಚಾಚುವುದು, ನೆಲಕ್ಕೆ ಊರುವುದು, ಎದೆಯನ್ನು ಎಳೆದುಕೊಳ್ಳುವುದು. ಹೀಗೆ ಅಷ್ಟು ದೂರ ಹೋಗಿ, ಗೇಣೆತ್ತರದ ಕಲ್ಲನ್ನೂ ಹತ್ತಿ ಇಳಿದು, ತಮ್ಮನ ಹೊಸ್ತಿಲ ಮುಂದೆ ಮಲಗಿದ್ದಳು. ಬೇರೆ ಯಾವ ನಾಯಿಗೂ ಅದು ಸಾಧ್ಯವಿರಲಿಲ್ಲ. ಆ ಹೆಗಲು ನಾನು ಮಾಡಿದ್ದು. ಅವನ ಬಾಗಿಲು ಮುಚ್ಚಿತ್ತು. ಪಾಲು ಬಿಟ್ಟುಕೊಟ್ಟವನು ಮುಟ್ಟುವ ಹಾಗಿಲ್ಲವೆಂದು ಒಳಗೇ ಕುಳಿತಿದ್ದ.

ಎತ್ತಿಕೊಂಡು ಬಂದೆ. ಸಂಜೆಗೆ ಮತ್ತೆ ಅಲ್ಲಿದ್ದಳು. ಮತ್ತೆ ತಂದೆ, ಈ ಸಲ ಬೈದೆ. ಅನ್ನ ಹಾಕಿದವನು ನಾನು, ಬೆಳಗಿನ ಚಳಿಯಲ್ಲಿ ಹೊತ್ತವನು ನಾನು, ಆ ಕಾಲಿಗೆ ಜೀವ ಕೊಟ್ಟವನು ನಾನು. ಅವನೂ ಹೊತ್ತ, ಹೌದು. ಆದರೂ ಅವನೇ ಯಾಕೆ? ಹೊಟ್ಟೆಕಿಚ್ಚಿನಿಂದ ನನಗೆ ಅಂದು ಅನ್ನ ಸೇರಲಿಲ್ಲ. ಹೆಂಡತಿ ತಾಟು ಎತ್ತುತ್ತ, "ಕಟ್ಟಿಹಾಕ್ರಿ ಮತ್ತ," ಎಂದಳು. ಹಗ್ಗ ತೆಗೆದುಕೊಂಡು ಹೋದೆ. ಅವಳ ಮುಂಗಾಲಿನ ಉಗುರುಗಳು ಕಲ್ಲಿಗೆ ತಿಕ್ಕಿ ರಕ್ತ ಬಂದಿತ್ತು. ಹಗ್ಗವನ್ನು ಅಲ್ಲೇ ಬಿಟ್ಟೆ.

ಬೆಳಗಾದಾಗ ಅವಳು ಅವನ ಹೊಸ್ತಿಲಲ್ಲೇ ಇದ್ದಳು. ಬಟ್ಟಲಿಗೆ ಅಂಬಲಿ ಹಾಕಿಕೊಂಡು ಕಲ್ಲು ದಾಟಿ ಹೋದೆ. ಒಳಗಿನಿಂದ ತಮ್ಮನ ದನಿ ಬಂತು.

"ಅಣ್ಣ, ಒಯ್ಯಿ ಆಕೀನ. ನಾ ಮಾತು ಕೊಟ್ಟೇನಿ."

"ನಾ ಒಯ್ದರೂ ಬರತಾಳ," ಎಂದೆ. "ಬಾಗಲಾ ತಗಿ."

ಅಗಳಿ ಸರಿದ ಸದ್ದಾಯಿತು. ಬಟ್ಟಲನ್ನು ಕೆಳಗಿಟ್ಟು, ಅವನ ಮುಖ ಕಾಣುವ ಮೊದಲೇ ತಿರುಗಿ ಬಂದೆ. ಅವಳು ಆಮೇಲೆ ಎಂಟು ದಿನ ಬದುಕಿದ್ದಳು. ಎಂಟು ದಿನವೂ ಎರಡು ಹೊತ್ತು ಬಟ್ಟಲು ಒಯ್ದು ಇಟ್ಟೆ. ಪ್ರತಿ ಸಲ ಅವಳು ತಿನ್ನುವವರೆಗೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದೆ. ತಿಂದು ಮುಗಿಸಿ, ನನ್ನ ಪಾಲಿನ ಆ ಎರಡು ಕಾಲನ್ನು ಊರಿ, ಅವಳು ಒಳಗೆ ಅವನ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು.